ಕಡುಬಿನ ಮನೆತನದ ಸೀನಾ

ಸ್ಕಾಟ್ಲೆಂಡಿನ ಕಡಲತೀರದ ಸ್ಕಾರ್‌ಹೇವನ್ನಿನ ಶಾಲೆಗೆ ಮೇಷ್ಟ್ರಾಗಿ ಬಂದ ಹೊಸದರಲ್ಲಿ ನನಗೆ ಸೀನಾ ಮೇರ್ ಎಂಬ ಹೆಂಗಸಿನ ಮೇಲೆ ವಿಪರೀತ ಮರುಕವಿತ್ತು. ನನ್ನ ತರಗತಿಯ ಕಿಟಕಿಯಿಂದ ನೋಡಿದರೆ ಚರ್ಚಿನ ಹಿಂದಿನ ಸ್ಮಶಾನ, ಅದರಾಚೆ ಸಮುದ್ರ. ವಾರಕ್ಕೊಮ್ಮೆ, ಮಕ್ಕಳು ಭಾಗಾಕಾರ ಮಾಡುತ್ತ ನಿಟ್ಟುಸಿರು ಬಿಡುವ ಹೊತ್ತಿಗೆ, ಈಕೆ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ನೆಲ ಉಜ್ಜುವ ಬ್ರಷ್ಷು ಹಿಡಿದು ಬರುತ್ತಿದ್ದಳು. ಒಂದು ಗೋರಿಕಲ್ಲಿನ ಮುಂದೆ ಮಂಡಿಯೂರಿ, ಮಗುವಿಗೆ ಎಣ್ಣೆನೀರು ಹಾಕುವವಳ ಹಾಗೆ, ಕಿವಿಯ ಹಿಂದೆಯೂ ಬಿಡದೆ ಉಜ್ಜುತ್ತಿದ್ದಳು. ಕಲ್ಲಿನ ಮೇಲೆ ‘ಜೇಮ್ಸ್ ಮೇರ್’ ಎಂದಿರುತ್ತಿತ್ತು. ಮುಂದಿನ ವಾರ ಬೇರೆ ಕಲ್ಲು. ಅದರ ಮೇಲೂ ಜೇಮ್ಸ್ ಮೇರ್. ಅದರ ಮುಂದಿನ ವಾರವೂ ಅಷ್ಟೆ.

ನಾನು ಲೆಕ್ಕ ಹಾಕಿದೆ. ಪಾಪ, ಈಕೆ ಒಬ್ಬ ಜೇಮ್ಸ್ ಮೇರನನ್ನು ಮದುವೆಯಾಗಿ ಕಳೆದುಕೊಂಡು, ಇನ್ನೊಬ್ಬನನ್ನು ಕಟ್ಟಿಕೊಂಡು, ಅವನೂ ಹೋಗಿ, ಛಲ ಬಿಡದೆ ಮತ್ತೂ ಜೇಮ್ಸ್ ಮೇರನನ್ನೇ ಹುಡುಕಿಕೊಂಡಿರಬೇಕು. ಹೀಗೊಂದು ಹೆಸರಿನ ಮೇಲೆ ಇಷ್ಟು ನಿಷ್ಠೆಯೇ! ಒಂದು ದಿನ ಮನಸ್ಸು ತಡೆಯದೆ, ಟೋಪಿ ತೆಗೆದು ಹೋಗಿ ನಿಂತೆ.

“ನಿಮಗೆ ಬಹಳ ನೋವಾಗಿರಬೇಕು,” ಅಂದೆ.

“ಹೂಂ, ಮಂಡಿ ನೋವು ಬಹಳ,” ಅಂದಳು ಆಕೆ, ಉಜ್ಜುವುದನ್ನು ನಿಲ್ಲಿಸದೆ.

“ಅಲ್ಲ, ಇಷ್ಟೊಂದು ಜನರನ್ನ ಕಳಕೊಂಡು...”

ಆಕೆ ಹಿಮ್ಮಡಿಯ ಮೇಲೆ ಕೂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾರನ್ನ? ಇವನನ್ನಾ? ಇವನ್ಯಾರು ಅಂತಾನೇ ನಂಗೊತ್ತಿಲ್ಲ ಕಣ್ರೀ.”

“ಮತ್ತೆ ತೊಳೀತಿದೀರಲ್ಲ?”

“ಇಲ್ಲಿರೋ ಜೇಮ್ಸ್‌ಗಳಲ್ಲಿ ಒಬ್ಬ ನಮ್ಮಜ್ಜ. ಯಾವನು ಅಂತ ಗೊತ್ತಿಲ್ಲ. ತಾರೀಕನ್ನೆಲ್ಲ ಉಪ್ಪುಗಾಳಿ ತಿಂದ್ಹಾಕಿದೆ. ಅದಕ್ಕೆ ಎಲ್ಲರನ್ನೂ ತೊಳೀತೀನಿ. ಒಂದು ಸುತ್ತು ಮುಗಿದ್ರೆ ನಮ್ಮಜ್ಜನೂ ಚೊಕ್ಕಟ ಆದ ಹಾಗಾಯ್ತಲ್ಲ. ಮಿಕ್ಕವರದ್ದು ಪುಕ್ಕಟೆ.”

ಅಷ್ಟು ಹೇಳಿ, ಖಾಲಿಯಾದ ಬಕೆಟ್ಟನ್ನು ನನ್ನ ಕಡೆ ತಳ್ಳಿದಳು. ನೀರು ತಂದುಕೊಟ್ಟೆ. ನಮ್ಮ ಸ್ನೇಹ ಆರಂಭವಾದದ್ದು ಹಾಗೆ.

ನಮ್ಮೂರಿನಲ್ಲಿ ಮೇರ್ ಅಲ್ಲದವರನ್ನು ಹುಡುಕಬೇಕಾದರೆ ಸ್ವಲ್ಪ ಅಲೆಯಬೇಕು. ಮೀನು ಹಿಡಿಯುವವರು ಮೀನು ಹಿಡಿಯುವವರ ಮನೆಯಲ್ಲೇ ಹೆಣ್ಣು ತಂದು, ಅಲ್ಲೇ ಕೊಟ್ಟು, ಊರೆಲ್ಲ ಒಂದೇ ಹೆಸರಾಗಿಬಿಟ್ಟಿದೆ. ಅದು ಸಾಲದೆಂಬಂತೆ ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡಲೇಬೇಕು. ಎರಡೂ ಕಡೆಯ ಅಜ್ಜಂದಿರು ಜೇಮ್ಸ್ ಆಗಿದ್ದರೆ ಒಂದೇ ಮನೆಯಲ್ಲಿ ಇಬ್ಬರು ಜೇಮ್ಸ್‌ಗಳು ಬೆಳೆಯುತ್ತಾರೆ. ಒಬ್ಬನನ್ನು ಕರೆದರೆ ಇಬ್ಬರೂ ಬರುವುದಿಲ್ಲ. ಅಜ್ಜಂದಿರ ಹೆಸರು ಹೊರಲು ಗಂಡುಮಕ್ಕಳು ಸಾಲದಿದ್ದರೆ ಅಜ್ಜನ ಹೆಸರಿಗೆ ಬಾಲ ಹಚ್ಚಿ ಹೆಣ್ಣುಮಗುವಿಗೇ ತೊಡಿಸುತ್ತಾರೆ. ಸೀನಾಳ ಪೂರ್ತಿ ಹೆಸರು ಜೇಮ್ಸೀನಾ.

ಹೀಗಾಗಿ ನಮ್ಮ ಊರಿನವರು ಒಬ್ಬರನ್ನೊಬ್ಬರು ಗುರುತಿಸುವುದು ಅಡ್ಡಹೆಸರಿನಿಂದ. ಅದು ಅಪ್ಪನಿಂದ ಮಕ್ಕಳಿಗೆ ಮನೆ, ದೋಣಿಗಳ ಜೊತೆ ಬರುವ ಆಸ್ತಿ. ಇಲ್ಲಿಯವರ ಬಾಯಲ್ಲಿ ಅವು ಬೇರೆಯಾಗಿದ್ದರೂ ರುಚಿ ಕೆಡಬಾರದೆಂದು ನಾನಿಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ: ಬೂಟಿನವರು, ಗೂಬೆಯವರು, ಲಾಂದ್ರದವರು, ಗೂಟದವರು, ಕಡುಬಿನವರು. ಡಾಕ್ಟರರ ಬಾಗಿಲಲ್ಲಿ ನರ್ಸು “ಜೇಮ್ಸ್ ಮೇರ್” ಎಂದು ಕೂಗಿದರೆ ಅರ್ಧ ಬೆಂಚು ಎದ್ದು ನಿಲ್ಲುತ್ತದೆ. “ಗೂಬೆ ಜೇಮ್ಸ್” ಎಂದರೆ ಒಬ್ಬನೇ ಗಂಭೀರವಾಗಿ ಒಳಗೆ ನಡೆಯುತ್ತಾನೆ. ಇದರಲ್ಲಿ ಅವಮಾನವೇನೂ ಇಲ್ಲ. ಗೋರಿಕಲ್ಲಿನ ಮೇಲೆ ಮಾತ್ರ ಇವು ಇಲ್ಲ. ಹಿಂದೆ ಇದ್ದ ಪಾದ್ರಿಯೊಬ್ಬರು, ದೇವರ ಮುಂದೆ ‘ಗೂಬೆ’ ಎಂದು ಹೋಗಿ ನಿಲ್ಲುವುದು ಮರ್ಯಾದೆಯಲ್ಲ ಎಂದು ನಿಲ್ಲಿಸಿಬಿಟ್ಟರಂತೆ. ದೇವರಿಗೆ ಅದರಿಂದ ಎಷ್ಟು ಅನುಕೂಲವಾಯಿತೋ ತಿಳಿಯದು, ಸೀನಾಳ ಮಂಡಿಗಂತೂ ತೊಂದರೆಯಾಯಿತು.

ಸೀನಾ ಕಡುಬಿನವಳು. ಹೊಸವರ್ಷಕ್ಕೆ ಇಲ್ಲಿ ಎಲ್ಲರ ಮನೆಯಲ್ಲೂ ಹಿಟ್ಟು, ಒಣದ್ರಾಕ್ಷಿ, ಮಸಾಲೆ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ದೊಡ್ಡ ಪಾತ್ರೆಯ ನೀರಿನಲ್ಲಿ ದಿನವಿಡೀ ಬೇಯಿಸುತ್ತಾರೆ. ಆ ಕಡುಬು. ಬಹಳ ಹಿಂದೆ ಸೀನಾಳ ಹಿರಿಯನೊಬ್ಬ ಬೀಗರ ಊರಿಗೆ ಕಡುಬು ತೆಗೆದುಕೊಂಡು ದೋಣಿಯಲ್ಲಿ ಹೊರಟನಂತೆ. ಬಂದರಿನ ಬಾಯಲ್ಲೇ ದೋಣಿ ಬಂಡೆಗೆ ಬಡಿಯಿತು. ದಡದಲ್ಲಿದ್ದವರು ಬಲೆ, ಬಲೆ ಎಂದು ಕೂಗಿಕೊಂಡರು. ಈತ ಎದೆಮಟ್ಟದ ನೀರಿನಲ್ಲಿ ಕಡುಬನ್ನು ತಲೆಯ ಮೇಲೆ ಹೊತ್ತು, ಪಲ್ಲಕ್ಕಿಯ ಠೀವಿಯಲ್ಲಿ ನಡೆದು ಬಂದ. ಬಲೆ ಸಮುದ್ರಕ್ಕೆ ಹೋಯಿತು. ಕೇಳಿದರೆ, “ಬಲೆ ಮತ್ತೆ ಹೆಣೀಬಹುದು, ಒದ್ದೆಯಾದ ಕಡುಬನ್ನ ಏನು ಮಾಡ್ತೀರಿ?” ಅಂದನಂತೆ. ಅಂದಿನಿಂದ ಆ ಮನೆಯವರು ಕಡುಬು. ಈ ಕತೆಯನ್ನು ಸೀನಾ ಹೇಳುವಾಗ ಕೇಳಬೇಕು. ಬೇರೆಯವರು ತಮ್ಮ ವಂಶದ ಯುದ್ಧಗಳ ಬಗ್ಗೆ ಹಾಗೆ ಹೇಳುತ್ತಾರೆ.

ಶಾಲೆ ಬಿಟ್ಟ ದಿನದಿಂದ ಮೊಣಕಾಲು ಸೋಲುವವರೆಗೆ ಆಕೆ ದುಡಿದದ್ದು ಬಂದರಿನ ಹೊಗೆಮನೆಯಲ್ಲಿ. ಹ್ಯಾಡಕ್ ಮೀನನ್ನು ಸೀಳಿ, ಕೋಲಿಗೆ ಜೋಡಿಸಿ, ಮರದ ಹೊಟ್ಟಿನ ಹೊಗೆಗೆ ಹಿಡಿಯುವ ಕೆಲಸ. ಆ ಹೊಗೆ ಈಗಲೂ ಆಕೆಯ ಕೋಟಿನಲ್ಲಿದೆ. ಚರ್ಚಿನಲ್ಲಿ ಪಕ್ಕದಲ್ಲಿ ಕೂತರೆ ಪ್ರಾರ್ಥನೆಗಿಂತ ಮೊದಲು ಹಸಿವಾಗುತ್ತದೆ. ಗಂಡ ಸ್ಯಾಂಡಿಯೂ ಮೇರ್, ಆದರೆ ಗೂಟದವನು. ಗೂಟದವರ ಪೂರ್ವಜ ಬಂದರುಕಟ್ಟೆಯ ಮೇಲೆ ಎಷ್ಟು ಅಲ್ಲಾಡದೆ ನಿಲ್ಲುತ್ತಿದ್ದನೆಂದರೆ, ಮಂಜು ಕವಿದ ಒಂದು ಬೆಳಿಗ್ಗೆ ಹೊರಊರಿನ ದೋಣಿಯವನು ಹಗ್ಗವನ್ನು ಅವನ ಸೊಂಟಕ್ಕೇ ಬಿಗಿದನಂತೆ. ಮದುವೆಯಾದ ಮೇಲೆ ಹೆಂಗಸರು ಗಂಡನ ಅಡ್ಡಹೆಸರಿಗೆ ಸೇರುವುದು ವಾಡಿಕೆ. ಸೀನಾ ಚರ್ಚಿನ ಮೆಟ್ಟಿಲ ಮೇಲೇ ಹೇಳಿದಳಂತೆ: “ನಿನ್ನ ಮನೆಗೆ ಬರ್ತೀನಿ, ನಿನ್ನ ಬಟ್ಟೆ ಒಗೀತೀನಿ, ಗೂಟ ಮಾತ್ರ ಆಗಲ್ಲ.” ಸ್ಯಾಂಡಿ, “ಆಯ್ತು ಬಿಡು ಮಾರಾಯ್ತಿ, ಮಳೆ ಬರ್ತಿದೆ,” ಅಂದನಂತೆ. ಅವರ ದಾಂಪತ್ಯದ ಎಲ್ಲ ದೊಡ್ಡ ತೀರ್ಮಾನಗಳೂ ಹೀಗೇ ಆದವು.

ಮಕ್ಕಳಾಗಲಿಲ್ಲ. ಅಣ್ಣನೊಬ್ಬನಿದ್ದ, ಮದುವೆಯಾಗದೆ ತೀರಿಕೊಂಡ. ಕಡುಬಿನ ಮನೆತನದಲ್ಲಿ ಈಗ ಉಳಿದವಳು ಸೀನಾ ಒಬ್ಬಳೇ.

ಇದು ಎಲ್ಲ ದಿನವೂ ನೆನಪಾಗುವ ಸಂಗತಿಯಲ್ಲ. ನೆನಪಾಗುವುದು ಕೂಗಿನ ದಿನ. ನಮ್ಮೂರಿನಲ್ಲಿ ಹೊಸವರ್ಷ ಎರಡು: ಒಂದು ಎಲ್ಲರದು, ಇನ್ನೊಂದು ಹಳೇ ಪಂಚಾಂಗದ್ದು, ಜನವರಿ ನಡುವೆ ಬರುತ್ತದೆ. ಆ ದಿನ ಮಧ್ಯಾಹ್ನ ಊರೆಲ್ಲ ಬಂದರಿನಲ್ಲಿ ಸೇರುತ್ತದೆ. ಒಬ್ಬರು ಕಟ್ಟೆಯ ಮೇಲೆ ನಿಂತು ಅಡ್ಡಹೆಸರುಗಳನ್ನು ಒಂದೊಂದಾಗಿ ಸಮುದ್ರದ ಕಡೆಗೆ ಕೂಗುತ್ತಾರೆ. “ಬೂಟು!” ಎಂದರೆ ಬೂಟಿನವರು “ಇದ್ದೀವಿ!” ಅನ್ನಬೇಕು. ಚಳಿಗಾಲದ ಕಡಲಿನಿಂದ ಯಾರ ಮನೆ ಉಳಿದು ಬಂತೆಂದು ನೋಡಲು ಹುಟ್ಟಿದ ಪದ್ಧತಿ. ಮೂರು ಸಲ ಕೂಗುತ್ತಾರೆ. ಮೂರಕ್ಕೂ ಓಗೊಡದಿದ್ದರೆ ಮರುವರ್ಷದಿಂದ ಆ ಹೆಸರನ್ನು ಕೂಗುವುದಿಲ್ಲ. ಅಷ್ಟೇ. ಯಾರೂ ಏನೂ ಅನ್ನುವುದಿಲ್ಲ, ಎಲ್ಲರೂ ಸಭಾಭವನಕ್ಕೆ ಸೂಪು ಕುಡಿಯಲು ಹೋಗುತ್ತಾರೆ.

ನಾನು ಹೇಳುತ್ತಿರುವ ವರ್ಷಕ್ಕೆ ಹಿಂದಿನ ವರ್ಷ “ಲಾಂದ್ರ!” ಎಂದು ಮೂರು ಸಲ ಕೂಗಿದರು. ಓಗೊಟ್ಟದ್ದು ಕಡಲಹಕ್ಕಿಗಳು. ಸೀನಾ ಆ ದಿನ ಸೂಪಿನ ಬಟ್ಟಲನ್ನು ಅರ್ಧಕ್ಕೇ ಸರಿಸಿದಳು. ಊಟ ಬಿಡುವ ಪೈಕಿ ಅಲ್ಲ ಆಕೆ.

“ನನ್ನ ಪಾಳಿ ಬಂದಾಗಲೂ ಈ ಹಕ್ಕಿಗಳೇ ಕಿರುಚೋದು,” ಅಂದಳು. “ಲಾಂದ್ರ ಅಂದ್ರೆ ಹೋಗ್ಲಿ, ದೀಪ ಆರಿತು ಅನ್ಕೋಬಹುದು. ಕಡುಬು ಆರಿಹೋಗೋದಾ?”

“ನಾನು ಓಗೊಡ್ತೀನಿ ಬಿಡು,” ಅಂದ ಸ್ಯಾಂಡಿ.

“ನೀನು ಗೂಟ. ನಿನ್ನ ದನಿ ಊರಿಗೇ ಗೊತ್ತು.”

ಮರುವರ್ಷ ಕೂಗಿಗೆ ಒಂದು ವಾರವಿದೆ ಅನ್ನುವಾಗ ರಸೆಲ್ ಮೇರ್ ಬಂದ. ನ್ಯೂಜಿಲೆಂಡಿನ ಡನೀಡಿನ್ನಿನಲ್ಲಿ ಹಲ್ಲಿನ ಡಾಕ್ಟರಾಗಿದ್ದು ನಿವೃತ್ತನಾದವನು, ಹೆಂಡತಿಯನ್ನು ಕಳೆದುಕೊಂಡವನು, ಬೇರು ಹುಡುಕಿಕೊಂಡು ಹೊರಟವನು. ಸ್ಯಾಂಡಿಗೆ ಸಿಕ್ಕಿದ್ದು ಸ್ಮಶಾನದಲ್ಲಿ, ಜೇಮ್ಸ್ ಮೇರ್‌ಗಳ ನಡುವೆ. ಗಂಡಸರ ಚೌಕುಳಿ ಲಂಗವಾದ ಕಿಲ್ಟ್ ಉಟ್ಟಿದ್ದ. ನಮ್ಮೂರಿನಲ್ಲಿ ಕಿಲ್ಟ್ ಉಡುವವರು ಇಬ್ಬರೇ, ಮದುವೆ ಗಂಡು ಮತ್ತು ಪ್ರವಾಸಿ. ಜನವರಿಯಲ್ಲಿ ಮದುವೆ ಗಂಡೂ ಯೋಚಿಸುತ್ತಾನೆ. ಕಾಲುಚೀಲದಲ್ಲಿ ಚೂರಿ, ತಲೆಗೆ ಗರಿಯ ಟೋಪಿ, ಮಂಡಿ ಎರಡೂ ನೀಲಿ. ಸ್ಯಾಂಡಿ ಕೈಕುಲುಕಿ ಮನೆಗೆ ಕರೆದುಕೊಂಡು ಬಂದ. ನಾನೂ ಅಲ್ಲಿದ್ದೆ.

“ಯಾರನ್ನ ಹುಡುಕ್ತಿದೀರಿ?” ಸೀನಾ ಕೇಳಿದಳು.

“ನಮ್ಮ ಮುತ್ತಜ್ಜನನ್ನ. ಜೇಮ್ಸ್ ಮೇರ್ ಅಂತ.”

“ಯಾವ ಜೇಮ್ಸ್ ಮೇರ್?”

“ಇದೇ ಊರಿನವರು. ಮೀನುಗಾರರು.”

“ನೋಡು ಸ್ಯಾಂಡಿ, ಎಷ್ಟು ಸುಲಭ ಆಯ್ತು.” ಹೊಗೆಮೀನು, ಆಲೂಗಡ್ಡೆ, ಹಾಲು ಹಾಕಿದ ಬಿಸಿ ಸೂಪನ್ನು ಅವನ ಮುಂದಿಟ್ಟಳು. “ಅಡ್ಡಹೆಸರೇನು?”

“ಅಡ್ಡಹೆಸರೇ?” ರಸೆಲ್ ಬೆನ್ನು ನೆಟ್ಟಗೆ ಮಾಡಿದ. “ನಮ್ಮದು ಗೌರವಸ್ಥ ಮನೆತನ ಅಮ್ಮಾ. ನಮಗೊಂದು ಲಾಂಛನವೇ ಇದೆ. ಗೋಡೆಗೆ ಹಾಕಿದೀನಿ.”

ಅಷ್ಟು ಹೇಳಿ ಟೋಪಿ ತೆಗೆದ. ಸೀನಾಳ ಕೈಯಲ್ಲಿದ್ದ ಸೌಟು ನಿಂತಿತು.

“ಸ್ಯಾಂಡಿ, ಅವರ ಕಿವಿ ನೋಡು.”

“ಎರಡಿವೆ.”

“ಎದ್ದು ನಿಂತಿವೆ ಕಣೋ! ನಮ್ಮಪ್ಪನ ಕಿವಿ. ಅಣ್ಣನ ಕಿವಿ. ಇವರು ಕಡುಬಿನವರು!”

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಬ್ರೆಡ್ಡಿನ ಅಂಗಡಿಯಲ್ಲಿ ಅಪರಿಚಿತರು ರಸೆಲ್‌ನ ಕೈಕುಲುಕಿ “ಏನಪ್ಪಾ ಕಡುಬು, ಬಂದ್ಯಾ?” ಅಂದರು. ಸೀನಾ ಅವನಿಗೆ ಕಡುಬು ಹೊತ್ತ ಹಿರಿಯನ ಕತೆ ಹೇಳಿದಳು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಎದೆ ಮುಟ್ಟಿ ತೋರಿಸಿದಳು. ಅರ್ಧ ಭೂಗೋಳ ದಾಟಿ ಕೋಟೆ ಹುಡುಕಿಕೊಂಡು ಬಂದವನಿಗೆ ಕಡುಬು ಸಿಕ್ಕರೆ ಮುಖ ಹೇಗಾಗಬೇಕೋ ಹಾಗಾಗಿತ್ತು.

ಅವನನ್ನು ಎತ್ತಿ ಹಿಡಿದವರು ಟೋಕರ್ ಸಾಹೇಬರು. ಆರ್ಚಿಬಾಲ್ಡ್ ಟೋಕರ್ ಬ್ಯಾಂಕಿನ ಮ್ಯಾನೇಜರಾಗಿದ್ದವರು. ಈಗ ಊರಿನ ಪರಂಪರೆಯ ಸಂಘದ ಅಧ್ಯಕ್ಷರು. ಸಾಲದ ಅರ್ಜಿ ತಿರಸ್ಕರಿಸುವಾಗಿನ ದನಿಯನ್ನು ಇನ್ನೂ ಹಾಗೇ ಉಳಿಸಿಕೊಂಡಿದ್ದಾರೆ. ಆ ವರ್ಷದ ಕೂಗನ್ನೂ ಅವರೇ ವಹಿಸಿಕೊಂಡಿದ್ದರು, ಧ್ವನಿವರ್ಧಕ ತರಿಸಿದ್ದರು. ಅಡ್ಡಹೆಸರುಗಳೆಂದರೆ ಅವರಿಗೆ ಮುಜುಗರ. ರಸೆಲ್‌ನ ಗೌರವಾರ್ಥ ಸಭಾಭವನದಲ್ಲಿ ‘ಮೇರ್: ಒಂದು ಹೆಸರಿನ ಹಿರಿಮೆ’ ಎಂದು ಭಾಷಣ ಇಟ್ಟರು.

“ಮೇರ್ ಎನ್ನುವುದು ಸಾಮಾನ್ಯ ಹೆಸರಲ್ಲ,” ಎಂದರು. “ಅದು ಹುದ್ದೆ. ರಾಜನ ಕಾಲದ ಅಧಿಕಾರಿ!”

ರಸೆಲ್ ಮುಂದಿನ ಸಾಲಿನಲ್ಲಿ ಅರಳಿದ.

“ಏನು ಕೆಲಸ ಸಾಹೇಬ್ರೇ ಅವನಿಗೆ?” ಸ್ಯಾಂಡಿ ಹಿಂದಿನಿಂದ ಕೇಳಿದ.

“ರಾಜಾಜ್ಞೆಯನ್ನು ಮನೆಮನೆಗೆ ತಲುಪಿಸುವುದು.”

“ಎಂಥಾ ಆಜ್ಞೆ?”

“ಅಂದರೆ... ನ್ಯಾಯಸ್ಥಾನಕ್ಕೆ ಹಾಜರಾಗತಕ್ಕದ್ದು, ದನ ಜಪ್ತಿ ಮಾಡತಕ್ಕದ್ದು, ಇತ್ಯಾದಿ.”

“ಓ, ಅಮೀನ!” ಅಂದ ಸ್ಯಾಂಡಿ.

ಅಮೀನರ ವಂಶಸ್ಥರಿಂದಲೇ ತುಂಬಿದ್ದ ಸಭೆ ಬಿದ್ದು ಬಿದ್ದು ನಕ್ಕಿತು. ಟೋಕರ್ ಸಾಹೇಬರು, ಎಲ್ಲ ಅಮೀನರೂ ಒಂದೇ ಅಲ್ಲ, ಮೇಲ್ದರ್ಜೆಯ ಅಮೀನರೂ ಇದ್ದರು ಎಂದು ಸಮಜಾಯಿಷಿ ಕೊಟ್ಟು, ಮುಖ್ಯ ಘೋಷಣೆ ಮಾಡಿದರು. ಕೂಗಿನ ದಿನ ಕಟ್ಟೆಯ ಮೇಲೆ ಕುರ್ಚಿ ಹಾಕಲಾಗುವುದು, ರಸೆಲ್ ಮೇರ್ ಅವರು ಸಮಸ್ತ ಮೇರ್ ಕುಲದ ಪ್ರತಿನಿಧಿಯಾಗಿ ಅದರಲ್ಲಿ ಆಸೀನರಾಗುವರು. ಪ್ರತಿನಿಧಿಗಳು ಯಾವುದೇ ಅಡ್ಡಹೆಸರಿಗೆ ಓಗೊಡತಕ್ಕದ್ದಲ್ಲ.

ಸೀನಾಳ ಮುಖ ನೋಡಿದೆ. ಆಕೆ ತನ್ನ ಕೈಚೀಲದ ಗುಂಡಿಯನ್ನು ತೆಗೆದು ಹಾಕಿ ಮಾಡುತ್ತಿದ್ದಳು.

ಭಾಷಣ ಮುಗಿದ ಮೇಲೆ ಟೋಕರ್ ಆಕೆಯ ಹತ್ತಿರ ಬಂದರು. “ಕಿವಿ ನೋಡಿ ವಂಶ ಹೇಳುವ ಕಾಲ ಹೋಯಿತು ಸೀನಾ. ಬೇಕಾದರೆ ಈಗ ಡಿ.ಎನ್.ಎ. ಪರೀಕ್ಷೆ ಇದೆ. ಒಂದು ಕೊಳವೆಯಲ್ಲಿ ಉಗುಳಿ ಕಳಿಸಿದರೆ ಸಾಕು.”

“ಉಗುಳೋಕೆ ನನ್ನದೇನೂ ಅಭ್ಯಂತರ ಇಲ್ಲ ಸಾಹೇಬ್ರೇ,” ಅಂದಳು ಸೀನಾ. “ಕೊಳವೆ ಯಾಕೆ, ನೀವೇ ಇದೀರಲ್ಲ.”

ಅಂದು ಪಬ್ಬಿನಲ್ಲಿ ಸ್ಯಾಂಡಿ ಬಿಯರ್ ಮುಟ್ಟದೆ ಕೂತಿದ್ದ. ಗೂಟದವನಾದರೂ ಅಷ್ಟು ಹೊತ್ತು ಸುಮ್ಮನಿರುವವನಲ್ಲ.

“ಮೇಷ್ಟ್ರೇ, ನನ್ನ ಕೈ ನೋಡಿ,” ಅಂದ. ಬಲಗೈಯ ಕಿರುಬೆರಳು ಒಳಕ್ಕೆ ಕೊಕ್ಕೆಯ ಹಾಗೆ ಬಾಗಿತ್ತು. “ಇದು ಗೂಟದವರ ಬೆರಳು. ನಮ್ಮಪ್ಪನಿಗೆ, ದೊಡ್ಡಪ್ಪನಿಗೆ, ಅವರ ಮಕ್ಕಳಿಗೆ, ಎಲ್ಲರಿಗೂ ಇದೇ. ಊರಲ್ಲಿ ಬೇರೆ ಯಾರಿಗೂ ಇಲ್ಲ.”

“ಗೊತ್ತಲ್ಲ. ಏನೀಗ?”

“ಆ ಹಲ್ಲಿನ ಡಾಕ್ಟ್ರು ಸ್ಮಶಾನದಲ್ಲಿ ಕೈಗವಸು ತೆಗೆದು ಕೈ ಕುಲುಕಿದನಲ್ಲ, ಆಗಲೇ ನೋಡ್ದೆ. ಅವನು ನಮ್ಮೋನು. ಅಚ್ಚ ಗೂಟ.”

“ಸೀನಾಗೆ ಹೇಳಿದ್ರಾ?”

“ಹೆಂಗ್ರೀ ಹೇಳ್ಲಿ? ಮನೆಗೆ ಕರ್ಕೊಂಡು ಬಂದು ಬಾಯಿ ತೆಗೆಯೋದ್ರೊಳಗೆ ಇವಳು ಕಿವಿ ಹಿಡಿದಿದ್ಲು. ಎಷ್ಟು ವರ್ಷದ ಮೇಲೆ ಅವಳ ಮುಖದಲ್ಲಿ ಅಂಥ ಕಳೆ ನೋಡಿದ್ದು! ನೀವೂ ಬಾಯಿ ಮುಚ್ಕೊಂಡಿರಿ. ಅವನಂತೂ ಕುರ್ಚಿ ಮೇಲೆ ಕೂರ್ತಾನೆ, ಓಗೊಡಲ್ಲ. ಕಡುಬು ಓಗೊಡ್ಲಿಲ್ಲ ಅಂತ ಒಂದು ದುಃಖ ಸಾಕು ಅವಳಿಗೆ, ಅವನು ಕಡುಬೇ ಅಲ್ಲ ಅಂತ ಇನ್ನೊಂದು ಯಾಕೆ?”

ಅಲ್ಲಿಂದ ಮುಂದೆ ನನಗೆ ಸೀನಾಳ ಎದುರು ಟೀ ಕುಡಿಯುವುದು ಕಷ್ಟವಾಯಿತು. ಗುಟ್ಟು ಕಾಯುವ ಮುಖ ನನಗೆ ದೇವರು ಕೊಟ್ಟಿಲ್ಲ. ಬಿಸ್ಕತ್ತಿನ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದೆ.

ಕೂಗಿನ ಹಿಂದಿನ ದಿನ ಸೀನಾ ಕಡುಬು ಮಾಡಿದಳು. ರಸೆಲ್ ವಿದಾಯ ಹೇಳಲೆಂದು ಬಂದ, ಕುರ್ಚಿಯ ವಿಚಾರ ಹೇಗೆ ತೆಗೆಯುವುದೆಂದು ತಿಳಿಯದೆ ಕೈ ಹಿಸುಕುತ್ತಿದ್ದ. ಕಿಲ್ಟಿನ ಬದಲು ಸ್ಯಾಂಡಿಯ ಹಳೇ ಉಣ್ಣೆ ಪ್ಯಾಂಟು ಹಾಕಿಕೊಂಡಿದ್ದ. ಚಳಿ ಅವನ ಕುಲಾಭಿಮಾನವನ್ನು ಸೊಂಟದ ಕೆಳಗೆ ಸೋಲಿಸಿತ್ತು. ಸೀನಾ ಪಾತ್ರೆಯಿಂದ ಗಂಟನ್ನೆತ್ತಿ, ಬಟ್ಟೆ ಸುಲಿದು, ಮೇಲ್ಪದರ ಒಣಗಿ ಗಟ್ಟಿಯಾಗಲೆಂದು ಕಡುಬನ್ನು ಒಲೆಯ ಮುಂದಿಟ್ಟಳು. ವಾಸನೆ ಬಂದದ್ದೇ ರಸೆಲ್ ಮೂಗೆತ್ತಿದ.

“ಇದು... ಇದು ನಮ್ಮಜ್ಜಿ ಮಾಡ್ತಿದ್ರು! ನನ್ನ ಹುಟ್ಟಿದ ಹಬ್ಬಕ್ಕೆ! ಒಳಗೆ ಒಂದು ನಾಣ್ಯ ಇಡ್ತಿದ್ರು. ಕಡಿದು ನನ್ನ ಹಲ್ಲು ಮುರೀತು. ಅವತ್ತು ಹಲ್ಲಿನ ಡಾಕ್ಟ್ರ ಮನೇಲಿ ಕೂತಾಗ್ಲೇ ಅನ್ಕೊಂಡೆ, ಈ ಕುರ್ಚಿಯ ಇನ್ನೊಂದು ಕಡೆ ನಿಲ್ಬೇಕು ಅಂತ!”

“ನೋಡಿದ್ರಾ!” ಅಂದಳು ಸೀನಾ.

“ಇಡೀ ಸ್ಕಾಟ್ಲೆಂಡೇ ಮಾಡುತ್ತೆ,” ಎಂದು ಸ್ಯಾಂಡಿ ನನ್ನ ಕಿವಿಯಲ್ಲಿ ಗೊಣಗಿದ.

ರಸೆಲ್ ಒಂದು ತುಂಡು ತಿಂದ, ಇನ್ನೊಂದು ತಿಂದ. ಅವನ ಮನೆಯ ಮಾತು ಮೊದಲ ಸಲ ಹೊರಗೆ ಬಂತು. ಹೆಂಡತಿ ಹೋದ ಮೇಲೆ ಅಲ್ಲಿ ತನ್ನನ್ನು ಹೆಸರು ಹಿಡಿದು ಕೂಗುವವರಿಲ್ಲ, ಎಲ್ಲರೂ ‘ಡಾಕ್ಟರೇ’ ಎನ್ನುತ್ತಾರೆ, ಅದೂ ಹಳೇ ಅಭ್ಯಾಸದಿಂದ ಬಾಯಿ ತೆರೆದುಕೊಂಡು. ಸೀನಾ ಮೂರನೆಯ ತುಂಡು ಬಡಿಸಿದಳು. ಹೊರಡುವಾಗ ಉಳಿದುದನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

“ನಾಳೆ ಎಲ್ಲಿ ಬೇಕಾದ್ರೂ ಕೂತ್ಕೊಳ್ಳಪ್ಪ,” ಅಂದಳು. “ಬೆನ್ನಿಗೆ ಗಾಳಿ ಹೊಡೆಯೋ ಕಡೆ ಮಾತ್ರ ಬೇಡ.”

ಮರುದಿನ ಬಂದರಿನಲ್ಲಿ ಗಾಳಿ ಎಲ್ಲ ಕಡೆಯಿಂದಲೂ ಹೊಡೆಯುತ್ತಿತ್ತು. ಕಟ್ಟೆಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಮತ್ತೆ ಕಿಲ್ಟಿನಲ್ಲಿ ರಸೆಲ್, ಅವನ ಪಕ್ಕದಲ್ಲಿ ಟೋಕರ್ ಸಾಹೇಬರು. ಧ್ವನಿವರ್ಧಕ ಎರಡು ಸಲ ಕೆಮ್ಮಿ ಸತ್ತುಹೋಯಿತು. ಸಾಹೇಬರು ಬಾಯಲ್ಲೇ ಕೂಗಬೇಕಾಯಿತು.

“ಬೂಟು!” “ಇದ್ದೀವಿ!” “ಗೂಬೆ!” “ಇದ್ದೀವಿ!” “ಗೂಟ!” ಗೂಟದವರು ಬಂದರಿನ ಅರ್ಧದಷ್ಟಿದ್ದಾರೆ, ಅವರು ಓಗೊಟ್ಟರೆ ದೋಣಿಗಳು ಅಲುಗುತ್ತವೆ.

“ಕಡುಬು!”

ಸದ್ದಿಲ್ಲ. ನಾನು ಪಕ್ಕಕ್ಕೆ ತಿರುಗಿದೆ. ಸೀನಾ ತುಟಿ ಬಿಗಿದುಕೊಂಡು ಸಮುದ್ರ ನೋಡುತ್ತಿದ್ದಳು. ಕೇಳಿಸಲಿಲ್ಲವೇನೋ ಎಂದುಕೊಂಡೆ.

“ಕಡುಬು!” ಟೋಕರ್ ಸಾಹೇಬರ ದನಿಯಲ್ಲೂ ಗಲಿಬಿಲಿ. ಅವರು ಕೂಗುತ್ತಿದ್ದುದು ಸೀನಾಳ ಕಡೆಗೇ ನೋಡುತ್ತ.

“ಏನೇ ಇದು, ಹೇಳೇ!”

ಸ್ಯಾಂಡಿ ಹಾಗೆ ಪಿಸುಗುಟ್ಟಿ, ತಾನೇ ಓಗೊಡಲು ಬಾಯಿ ತೆರೆದ. ಸೀನಾ ಅವನ ಕಾಲು ತುಳಿದಳು, ಹಿಮ್ಮಡಿಯಿಂದ.

“ಸುಮ್ನಿರು,” ಅಂದಳು. “ನಾನು ಹೋದ್ಮೇಲೆ ಹೇಗಿರುತ್ತೆ ಅಂತ ನಾನೂ ಒಂದ್ಸಲ ಕೇಳ್ಬೇಕು.”

ಕಡಲಹಕ್ಕಿಗಳು ಮಾತ್ರ ಕಿರುಚಿದವು. ಮೂರನೆಯ ಕೂಗಿಗೆ ಸಾಹೇಬರು ಉಸಿರೆಳೆದುಕೊಂಡರು. ಅವರಿಗೂ ಅದನ್ನು ಕೂಗಲು ಮನಸ್ಸಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಬ್ಯಾಂಕಿನವರಾದರೂ ಮನುಷ್ಯರೇ.

“ಕಡುಬು!”

ಕುರ್ಚಿ ಹಿಂದಕ್ಕೆ ಬಿತ್ತು.

“ಇದ್ದೀನಿ!” ರಸೆಲ್ ಎದ್ದು ನಿಂತು ಬಲಗೈ ಮೇಲೆತ್ತಿದ್ದ. “ಇದ್ದೀನಿ! ಕಡುಬು ಇಲ್ಲಿದೆ!”

ಟೋಪಿ ಹಾರಿಹೋಯಿತು, ಕಿವಿ ಎರಡೂ ಹಾಯಿಯ ಹಾಗೆ ಗಾಳಿಗೆ ನಿಂತವು. ಜೊತೆಗೆ ಎತ್ತಿದ ಕೈಯ ಕಿರುಬೆರಳು, ಕೊಕ್ಕೆಯಂತೆ ಬಾಗಿದ್ದು, ಇಡೀ ಊರಿಗೆ ಕಂಡಿತು. ಗೂಟದವರೆಲ್ಲ ತಮ್ಮ ತಮ್ಮ ಕೈ ನೋಡಿಕೊಂಡರು. ಅವರ ಹಿರಿಯನೊಬ್ಬ ನಿಧಾನವಾಗಿ ಕೈಯನ್ನು ಜೇಬಿಗೆ ಇಳಿಸಿದ. ಉಳಿದವರೂ ಒಬ್ಬೊಬ್ಬರಾಗಿ ಇಳಿಸಿದರು. ಆಮೇಲೆ ಇಡೀ ಬಂದರು ಚಪ್ಪಾಳೆ ತಟ್ಟಿತು, ಗೂಟದವರನ್ನು ಬಿಟ್ಟು. ಅವರು ಜೇಬಿನಲ್ಲಿ ಕೈಯಿಟ್ಟುಕೊಂಡೇ ಕಾಲು ಬಡಿದರು.

ಸಭಾಭವನದಲ್ಲಿ ಸೀನಾ ಎರಡು ಬಟ್ಟಲು ಸೂಪು ಕುಡಿದಳು. ರಸೆಲ್‌ನ ಸುತ್ತ ಜನ. ಅವನು ಕಡುಬು ಹೊತ್ತ ಹಿರಿಯನ ಕತೆ ಹೇಳುತ್ತಿದ್ದ, ನೀರನ್ನು ಕುತ್ತಿಗೆಯವರೆಗೆ ಏರಿಸಿದ್ದ. ಅಂದಿನಿಂದ ಅವನು ಪ್ರತಿ ಜನವರಿಯಲ್ಲೂ ಬರುತ್ತಿದ್ದಾನೆ, ಈಗ ಉಣ್ಣೆ ಪ್ಯಾಂಟಿನಲ್ಲಿ. ಆದರೆ ಆ ಹೊತ್ತಿಗೆ ನಮ್ಮ ಮೇಜಿನಲ್ಲಿ ಸ್ಯಾಂಡಿ ತುಳಿಸಿಕೊಂಡ ಕಾಲನ್ನು ಮೇಲಿಟ್ಟುಕೊಂಡು ಒದ್ದಾಡುತ್ತಿದ್ದ.

“ಸೀನಾ, ನಿನಗೊಂದು ಹೇಳ್ಬೇಕು ಕಣೇ. ಆ ಬೆರಳು...”

“ಯಾವ ಬೆರಳು? ನಿನ್ನಂಥದ್ದಾ?” ಸೀನಾ ಬ್ರೆಡ್ಡನ್ನು ಸೂಪಿಗೆ ಅದ್ದಿದಳು. “ಆವತ್ತು ಚಮಚ ಹಿಡಿದಾಗ್ಲೇ ನೋಡ್ದೆ. ಮದುವೆಯಾದಾಗಿನಿಂದ ಬೆಳಿಗ್ಗೆ ಎದ್ದು ಅದನ್ನೇ ನೋಡ್ತಿದೀನಿ, ನಂಗೆ ಗೊತ್ತಾಗಲ್ವಾ?”

“ಮತ್ತೆ ಕಿವಿ ಅಂದ್ಯಲ್ಲ?”

“ಕಿವಿ ದೊಡ್ಡದಾಗೇ ಇದೆ. ಸುಳ್ಳಾ? ನಿಮ್ಮೋರು ಬೇಕಾದಷ್ಟು ಜನ ಇದೀರಿ. ಒಬ್ಬನ್ನ ಕೊಟ್ರೆ ಏನು ಗಂಟು ಹೋಗುತ್ತೆ?”

ಸ್ಯಾಂಡಿ ತನ್ನ ಕಿರುಬೆರಳನ್ನೊಮ್ಮೆ ನೋಡಿಕೊಂಡು ಬ್ರೆಡ್ಡಿಗೆ ಕೈ ಹಾಕಿದ. ಆದರೆ ನಾನು ಮೇಷ್ಟ್ರು. ತಪ್ಪು ಲೆಕ್ಕ ಕಣ್ಣಿಗೆ ಬಿದ್ದರೆ ಸುಮ್ಮನಿರಲು ಬರುವುದಿಲ್ಲ.

“ಆದ್ರೂ ಸೀನಾ, ಕಡುಬಿನ ವಂಶಕ್ಕೆ ಹುಟ್ಟದೇ ಇರೋನು ಕಡುಬು ಹೇಗಾಗ್ತಾನೆ?” ಅಂದೆ.

ಸೀನಾ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು.

“ಮೊದಲನೇ ಕಡುಬೇನು ಕಡುಬಿಗೆ ಹುಟ್ಟಿದ್ನಾ ಮೇಷ್ಟ್ರೇ?”